ಮೇಲ್ತುಟಿಗೆ ಕತ್ತರಿ: ಹಾಕಿಸೋದೋ, ಬ್ಯಾಡವೋ?

ದಾವಣಗೆರೆ: ಕಳೆದ ಶನಿವಾರ ಮಧ್ಯಾಹ್ನ, ಪತ್ರಿಕೆ ಅಚ್ಚಿಗೆ ಹೋದ ಮೇಲೆ ನಾವು ಚಹಾ ತರಿಸಿ ಕುಳಿತಿದ್ದೆವು. ಚೌಕಿಪೇಟೆಯ ಅಂಗಡಿ ಯಜಮಾನರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಚರಂಡಿ ವಿಚಾರವೋ, ಅಂಗಡಿ ಮುಂದೆ ಬೈಕ್ ನಿಲ್ಲಿಸುವ ವಿಚಾರವೋ ಇರಬೇಕೆಂದು ನಾನು ನೋಟ್‌ಬುಕ್ ತೆಗೆದೆ.

"ಅದಲ್ರೀ," ಅಂದರು. "ಮಗಳು ತುಟಿ ಎತ್ತಿಸ್ಕೋತೀನಿ ಅಂತ ಹಟ ಹಿಡ್ದಾಳೆ. ಬೆಂಗಳೂರಲ್ಲಿ ಫೋನ್‌ನಾಗೇ ಬುಕ್ಕಿಂಗ್ ಮಾಡ್ಯಾಳೆ. ಸೋಮವಾರದೊಳಗೆ ಅಡ್ವಾನ್ಸ್ ಕಟ್ಬೇಕಂತೆ. ಏನ್ರೀ ಇದು ತುಟಿ ಎತ್ತಿಸೋದು?"

ಓದುಗರು ನಗಬಾರದು. ಹರಿಹರದ ಬಸ್ಸಿನಲ್ಲಿ ನಿಮ್ಮ ಪಕ್ಕ ಕುಳಿತ ಹುಡುಗಿಯ ಮೊಬೈಲನ್ನು ಓರೆಗಣ್ಣಲ್ಲಿ ನೋಡಿ. ಮೂಗು, ಗಲ್ಲ, ತುಟಿ ರಿಪೇರಿಯ ಜಾಹೀರಾತು ಒಂದಾದ ಮೇಲೊಂದು ಓಡುತ್ತಿರುತ್ತದೆ. ಹಾಗಾಗಿ, ಪಿಯುಸಿ ಅರ್ಧಕ್ಕೆ ಬಿಟ್ಟ ಈ ಬಡ ವರದಿಗಾರ ಎರಡು ದಿನ ವೈದ್ಯರ ಬಾಗಿಲು ತಟ್ಟಿ, ನಾಲ್ಕು ಕಾಗದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದಾನೆ.

ಏನಿದು ಸಂಗತಿ?

ಮೂಗಿನ ಬುಡಕ್ಕೂ ಮೇಲ್ತುಟಿಗೂ ನಡುವೆ ಒಂದಿಷ್ಟು ಜಾಗ ಇದೆಯಲ್ಲ, ಗಂಡಸರು ಮೀಸೆ ಬಿಡುವ ಜಾಗ, ಅದು ಕೆಲವರಿಗೆ ಹುಟ್ಟಿನಿಂದಲೇ ಉದ್ದ. ವಯಸ್ಸಾದಂತೆ ಎಲ್ಲರಿಗೂ ಅಷ್ಟಿಷ್ಟು ಉದ್ದವಾಗುತ್ತದೆ, ಮಾತಾಡುವಾಗ ಮೇಲಿನ ಹಲ್ಲು ಮರೆಯಾಗುತ್ತದೆ. 'ಲಿಪ್ ಲಿಫ್ಟ್' ಎಂದರೆ ಮೂಗಿನ ಕೆಳಗೆ ಎತ್ತಿನ ಕೊಂಬಿನ ಆಕಾರದಲ್ಲಿ ಒಂದು ಪಟ್ಟಿ ಚರ್ಮ ಕತ್ತರಿಸಿ ತೆಗೆದು, ತುಟಿಯನ್ನು ಮೇಲಕ್ಕೆಳೆದು ಹೊಲಿಯುವುದು. ತೆಗೆಯುವುದು ಕೆಲವೇ ಮಿಲಿಮೀಟರ್, ಒಂದು ತೊಗರಿಬೇಳೆಯ ಅಗಲ ಅಂದುಕೊಳ್ಳಿ. 1971ರಲ್ಲಿ ಬ್ರೆಜಿಲ್ ದೇಶದ ವೈದ್ಯರು ವಿವರಿಸಿದ ಪದ್ಧತಿ ಇದು. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅದೇ ದಿನ ಮನೆಗೆ ಹೋಗಬಹುದು, ಹೊಲಿಗೆ ಬಿಚ್ಚುವುದು ವಾರದೊಳಗೆ. ಬಾವು ಇಳಿಯಲು ಕೆಲವು ವಾರ. ಗಾಯದ ಗೆರೆ ಮಾಸಲು ಮಾತ್ರ ವರ್ಷವೇ ಬೇಕಾಗಬಹುದು.

ಇಷ್ಟು ಕೇಳಿ ಯಜಮಾನರು, "ಸಣ್ಣ ಕೆಲ್ಸ ಬಿಡ್ರಿ ಹಂಗಾರೆ" ಅಂದರು.

ಅಲ್ಲ ಸ್ವಾಮಿ. ಬ್ಲೌಸ್ ಬಿಗಿಯಾದರೆ ಬಿಚ್ಚಿ ಬಿಡಲೆಂದು ದರ್ಜಿ ಒಳಗೆ ಬಟ್ಟೆ ಬಿಟ್ಟಿರುತ್ತಾನೆ. ಇಲ್ಲಿ ಒಳಗೆ ಏನೂ ಬಿಟ್ಟಿರುವುದಿಲ್ಲ. ಕತ್ತರಿಸಿದ ಚರ್ಮ ಕಸದ ಬುಟ್ಟಿಗೆ ಹೋಯಿತೆಂದರೆ ಹೋಯಿತು. ಒಂದು ಬೇಳೆಯ ಬದಲು ಎರಡು ಬೇಳೆಯಷ್ಟು ತೆಗೆದರೆ ಬಾಯಿ ಸಲೀಸಾಗಿ ಮುಚ್ಚುವುದಿಲ್ಲ. ಮೂಗಿನ ಹೊಳ್ಳೆ ಕೆಳಕ್ಕೆ ಜಗ್ಗಬಹುದು. ನಕ್ಕಾಗ ಈಗಾಗಲೇ ಒಸಡು ಕಾಣುವವರಿಗೆ ಇನ್ನಷ್ಟು ಕಾಣುತ್ತದೆ, ಅಂಥವರಿಗೆ ಇದು ಹೇಳಿಸಿದ್ದೇ ಅಲ್ಲ.

ಇನ್ನೊಂದು ಗೊಂದಲವಿದೆ. ತುಟಿ ತೆಳ್ಳಗಿರುವುದು ಬೇರೆ, ಮೂಗಿಗೂ ತುಟಿಗೂ ದೂರ ಹೆಚ್ಚಿರುವುದು ಬೇರೆ. ತೆಳುವಾದ ತುಟಿಗೆ 'ಫಿಲ್ಲರ್' ಎಂಬ ಇಂಜೆಕ್ಷನ್ ಉಂಟು. ಅದರಲ್ಲಿ ಹೈಅಲುರಾನಿಕ್ ಆಮ್ಲದ ಜಾತಿಯದು ಕೆಲವು ತಿಂಗಳಿಗೆ ತಾನೇ ಕರಗುತ್ತದೆ, ಇಷ್ಟವಾಗದಿದ್ದರೆ ಬೇರೊಂದು ಇಂಜೆಕ್ಷನ್ನಿನಿಂದ ಕರಗಿಸಲೂಬಹುದು. ಅದರಲ್ಲೂ ಅಪಾಯ ಇಲ್ಲವೆಂದಲ್ಲ. ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳುವ ವಸ್ತುವಂತೂ ಅದಲ್ಲ. ಆದರೆ ಎಷ್ಟು ಫಿಲ್ಲರ್ ತುಂಬಿದರೂ ದೂರ ಕಡಿಮೆಯಾಗದು. ನಿಮ್ಮ ಸಮಸ್ಯೆ ಇವೆರಡರಲ್ಲಿ ಯಾವುದೆಂದು ಹೇಳದೆ ದರ ಹೇಳುವವರನ್ನು ನಂಬಬೇಡಿ.

ರಿಪೇರಿಯೋ, ಸಿಂಗಾರವೋ?

ಮುಖ ರಿಪೇರಿ ನಮ್ಮ ದೇಶಕ್ಕೆ ಹೊಸತಲ್ಲ. ಕತ್ತರಿಸಿದ ಮೂಗು, ತುಟಿ, ಕಿವಿ ಸರಿಪಡಿಸುವ ಬಗೆ ಸುಶ್ರುತ ಸಂಹಿತೆಯಲ್ಲೇ ಇದೆ. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ಅವನ ಹಣೆಯ ಚರ್ಮ ತಂದು ಮೂಗು ಕಟ್ಟಿದರು. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು.

ಅದು ರಿಪೇರಿ. ಹುಟ್ಟಿನಿಂದ ಸೀಳುತುಟಿ ಇರುವ ಮಗುವಿಗೆ ಮಾಡುವುದೂ ರಿಪೇರಿಯೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅದಕ್ಕೆ ಖರ್ಚಿಲ್ಲದೆ ಚಿಕಿತ್ಸೆ ಇದೆ, ಅಂಗನವಾಡಿಯಲ್ಲೋ ಸರಕಾರಿ ಆಸ್ಪತ್ರೆಯಲ್ಲೋ ವಿಚಾರಿಸಿ. ವ್ಯಾಪಾರಸ್ಥರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಜಿ.ಎಸ್.ಟಿ. ಕಾನೂನೂ ಇದೇ ಗೆರೆ ಎಳೆದಿದೆ: ಹುಟ್ಟಿನ ನ್ಯೂನತೆಗೆ, ಅಪಘಾತದ ಗಾಯಕ್ಕೆ ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ತೆರಿಗೆ ಮಾಫಿ, ಚೆಂದಕ್ಕೆ ಮಾಡಿಸಿದರೆ ತೆರಿಗೆ ಕಟ್ಟಿ. ಚೆಂದದ ಆಪರೇಷನ್ನಿಗೆ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಸಿಗದು. ಅಡ್ವಾನ್ಸ್ ಕಟ್ಟುವ ಮುಂಚೆ ತೆರಿಗೆ, ಔಷಧಿ, ಹೊಲಿಗೆ ಬಿಚ್ಚಲು ಬೆಂಗಳೂರಿಗೆ ಹೋಗಿಬರುವ ಖರ್ಚು ಎಲ್ಲ ಸೇರಿಸಿ ಲೆಕ್ಕ ಹಾಕಿ.

ಹುಡುಗಿ ಏನಂದಳು?

ಭಾನುವಾರ ಅಂಗಡಿಗೇ ಹೋದೆ. ಹುಡುಗಿ ಗಲ್ಲಾ ಮೇಲೆ ಕುಳಿತಿದ್ದಳು. ಇಪ್ಪತ್ನಾಲ್ಕು ವರ್ಷ, ಬಿ.ಕಾಂ., ಅಂಗಡಿ ಲೆಕ್ಕವೆಲ್ಲ ಅವಳದೇ. "ಚೀಟಿ ಎತ್ತಿರೋ ದುಡ್ಡು ನಂದು, ತುಟಿ ನಂದು. ನೀವು ಮೀಸೆಗೆ ಬಣ್ಣ ಹಚ್ಚಿಲ್ವಾ ಸಾರ್?" ಅಂದಳು. ನಾನು ತಲೆ ಕೆರೆದುಕೊಂಡೆ. ಅವಳಂದದ್ದು ನ್ಯಾಯವೇ.

ಮೊಬೈಲಿನಲ್ಲಿ ತನ್ನ ಫೋಟೋ ತೋರಿಸಿದಳು. ಕೈ ಚಾಚಿ ಹತ್ತಿರದಿಂದ ತೆಗೆದದ್ದು. ಹತ್ತಿರದ ಕ್ಯಾಮೆರಾ ಸುಳ್ಳು ಹೇಳುತ್ತದೆ. ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಕೊಟ್ಟಿದ್ದಾರೆ. ಐದಡಿ ದೂರದಿಂದ ಯಾರಾದರೂ ತೆಗೆದ ಫೋಟೋ ಇದೆಯೇನಮ್ಮ ಎಂದೆ. ಇತ್ತು. ಹೆಣ್ಣು ನೋಡಲು ಬಂದವರಿಗೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು.

ಆಗ ಮಾತು ಹೊರಬಿತ್ತು. ಮೊನ್ನೆ ಬಂದ ಗಂಡಿನ ಕಡೆಯ ಅತ್ತೆಯೊಬ್ಬಳು ಉಪ್ಪಿಟ್ಟು ತಿನ್ನುತ್ತ, "ಹುಡುಗಿ ಲಕ್ಷಣ ಐತಿ, ಮೂಗಿನ ಕೆಳಗೆ ಮಾತ್ರ ಬಯಲು ಜಾಸ್ತಿ" ಅಂದಳಂತೆ. ಒಳಗೆ ಲೋಟ ತೊಳೆಯುತ್ತಿದ್ದ ಈಕೆಗೆ ಕೇಳಿಸಿದೆ. ಅಪ್ಪನಿಗೆ ಈ ವಿಷಯ ಅಂದೇ ಗೊತ್ತಾದದ್ದು. ಮನುಷ್ಯ ತಕ್ಕಡಿ ಒರೆಸುತ್ತ ನಿಂತುಬಿಟ್ಟ.

ನಾನು ಹೇಳಿದ್ದಿಷ್ಟು. ಆ ಅತ್ತೆಯ ಮಾತಿಗೆ ಮುಂಚೆಯೂ ಕನ್ನಡಿಯಲ್ಲಿ ಇದು ನಿನ್ನನ್ನು ಕಾಡಿತ್ತೇ? ಕಾಡಿದ್ದರೆ ವೈದ್ಯರಲ್ಲಿ ಹೋಗು, ತಪ್ಪೇನಿಲ್ಲ. ಇಲ್ಲವಾದರೆ ಆರು ತಿಂಗಳು ಸುಮ್ಮನಿರು. ಚೀಟಿ ದುಡ್ಡೇನೂ ಓಡಿಹೋಗುವುದಿಲ್ಲ. (ದಿನವಿಡೀ ಒಂದೇ ಕೊರತೆಯನ್ನು ನೋಡಿಕೊಂಡು ಕೊರಗುವವರಿಗೆ ಕತ್ತರಿಯಿಂದ ಸಮಾಧಾನ ಸಿಗುವುದು ಅಪರೂಪ, ಅವರನ್ನು ಮೊದಲು ಮನೋವೈದ್ಯರ ಬಳಿ ಕಳಿಸಬೇಕು ಎನ್ನುತ್ತಾರೆ ತಿಳಿದ ಸರ್ಜನ್ನರು.)

ಹೋಗುವುದಾದರೆ ಕತ್ತರಿ ಹಿಡಿಯುವ ಕೈ ಯಾರದೆಂದು ಕೇಳಬೇಕು. ಎಂ.ಬಿ.ಬಿ.ಎಸ್. ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಇದೆಯೇ, ವೈದ್ಯ ಪರಿಷತ್ತಿನಲ್ಲಿ ಹೆಸರಿದೆಯೇ ನೋಡಿ. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಲು ಹೋಗಿ ಪ್ರಾಣ ಕಳೆದುಕೊಂಡದ್ದು ನೆನಪಿರಲಿ. ಆ ಆಪರೇಷನ್ ಬೇರೆ, ಆದರೆ ಎಡವಟ್ಟಾದರೆ ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆ ಒಂದೇ. ನಮ್ಮಂಥ ಬಣ್ಣದ ಚರ್ಮದವರ, ವರ್ಷ ಕಳೆದ ಮೇಲಿನ ಫೋಟೋ ಕೇಳಿ. ಬೀಡಿ, ಸಿಗರೇಟು ಸೇದುವವರಿಗೆ ಗಾಯ ಬೇಗ ಕೂಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ. ಕಡೆಗೆ ಗ್ರಾಹಕರ ನ್ಯಾಯಾಲಯವಿದೆ, 1995ರಲ್ಲೇ ಸುಪ್ರೀಂ ಕೋರ್ಟು ವೈದ್ಯರ ಸೇವೆಯನ್ನೂ ಅದರ ಕೆಳಗೆ ತಂದಿದೆ. ಅಲ್ಲಿ ದುಡ್ಡು ವಾಪಸ್ ಬಂದೀತು, ಚರ್ಮ ಬರುವುದಿಲ್ಲ.

ಹೊರಡುವ ಹೊತ್ತಿಗೆ ವೈದ್ಯರೊಬ್ಬರು ಹೇಳಿಕೊಟ್ಟಿದ್ದ ಪ್ರಶ್ನೆಯೊಂದು ನೆನಪಾಯಿತು. ಕೆಲವರಿಗೆ ಸಣ್ಣ ಗಾಯವಾದರೂ ಮಾಂಸ ಗಂಟುಗಟ್ಟಿ ಉಬ್ಬುತ್ತದೆ. 'ಕೀಲಾಯ್ಡ್' ಎನ್ನುತ್ತಾರೆ. ಕಪ್ಪು, ಕಂದು ಚರ್ಮದವರಲ್ಲಿ ಇದು ಹೆಚ್ಚು. ಮೂಗಿನ ಕೆಳಗೆ, ಮುಖದ ನಟ್ಟನಡುವೆ ಹಾಗಾದರೆ?

"ಕಿವಿ ಚುಚ್ಚಿಸಿದ ಜಾಗ ಹೇಗಿದೆಯಮ್ಮ?" ಎಂದೆ.

ಹುಡುಗಿ ಕೂದಲು ಸರಿಸಿದಳು. ಕಿವಿಯ ಹಿಂದೆ ಕಡಲೆಕಾಳಿನಷ್ಟು ದಪ್ಪನೆಯ ಗಂಟು.

"ಅದು ಎರಡನೇ ಸಲ ಚುಚ್ಚಿಸಿದಾಗಿಂದ ಹಂಗೇ ಐತ್ರಿ," ಅಂದರು ಅಪ್ಪ.

"ಬುಕ್ಕಿಂಗ್ ಮಾಡಿದಾಗ ಇದನ್ನ ಕೇಳಿದ್ರಾ?"

"ಇಲ್ಲ ಸಾರ್. ಫೋಟೋ ಕಳಿಸಿ ಅಂದ್ರು. ಮುಂದಿನಿಂದ ತೆಗೆದದ್ದು ಕಳಿಸಿದ್ದೆ."

ಸೋಮವಾರ ಕಳೆಯಿತು. ಅಡ್ವಾನ್ಸ್ ಕಟ್ಟಿಲ್ಲವೆಂದು ಯಜಮಾನರು ಫೋನ್ ಮಾಡಿದ್ದರು. ಗುರುವಾರ ಊರಿನಲ್ಲೇ ಇರುವ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ತೋರಿಸುತ್ತಾರಂತೆ, ಮೊದಲು ಕಿವಿಯನ್ನು.