ಜೋಗದ ದಾರಿಯಲ್ಲಿ ಯಾರೂ ಇಳಿಯದ ಕಾಡು

ಹೊನ್ನಾವರದಿಂದ ಜೋಗಕ್ಕೆ ಹೊರಟ ಬಸ್ಸು ಗೇರುಸೊಪ್ಪೆ ದಾಟಿ ಘಟ್ಟ ಹತ್ತತೊಡಗಿದರೆ ಒಳಗೆ ಕೂತ ಅರ್ಧ ಜನಕ್ಕೆ ತಲೆ ಸುತ್ತು. ಉಳಿದವರಿಗೆ ಜೋಗದಲ್ಲಿ ನೀರಿದೆಯೋ ಇಲ್ಲವೋ ಎಂಬ ಚಿಂತೆ. ಕಿಟಕಿಯಾಚೆಯ ಕಾಡನ್ನು ಕೇಳುವವರಿಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬೆನ್ನಿಗಿರುವ ಈ ಬೆಟ್ಟಸಾಲಿನಲ್ಲಿ ನೋಡಬೇಕಾದದ್ದು ಜಲಪಾತವೊಂದೇ ಅಲ್ಲ.

ಘಟ್ಟದ ಮೇಲೆ, ಹೊನ್ನಾವರದ ಗಡಿ ಮುಗಿದು ಸಿದ್ದಾಪುರ ತಾಲ್ಲೂಕು ಶುರುವಾಗುವ ಕಡೆ ಕತ್ತಲೆಕಾನು ಎಂಬ ಕಾಡು ಇದೆ. ವರ್ಷವಿಡೀ ನೀರು ಜಿನುಗುವ ಇಲ್ಲಿನ ತಗ್ಗುಗಳಿಗೆ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕೆಸರಿನಲ್ಲಿ ಉಸಿರಾಟಕ್ಕೆ ಗಾಳಿ ಸಾಲದೆ ಮರಗಳು ಬೇರನ್ನೇ ಮೇಲಕ್ಕೆ ಕಳಿಸುತ್ತವೆ. ಮೊಣಕಾಲು ಮಡಚಿಟ್ಟ ಹಾಗೆ ಅವು ಮಣ್ಣಿನಿಂದೆದ್ದು ಮತ್ತೆ ಮಣ್ಣಿಗಿಳಿಯುತ್ತವೆ. ಕಾಂಡದಿಂದ ಊರುಗೋಲು ಬೇರುಗಳೂ ಹೊರಡುತ್ತವೆ. 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಗೇರು ಕುಟುಂಬದ ಮರವೊಂದಕ್ಕೆ ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಇಂಥ ಜಡ್ಡಿಗಳ ಮಹತ್ವ ಲೋಕಕ್ಕೆ ತಿಳಿಯುವಲ್ಲಿ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಸ್ಯವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ಅವರ ಪಾಲು ದೊಡ್ಡದು.

ಕಾಡಿನ ಮಾಡಿನಲ್ಲಿ ಸಿಂಗಳೀಕಗಳ ಸಂಸಾರ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ ಈ ಪ್ರಾಣಿಗೆ ಉತ್ತರದ ಕೊನೆಯ ನೆಲೆ ಅಘನಾಶಿನಿ-ಶರಾವತಿ ಸೀಮೆಯೇ. ಉಪ್ಪಾಗೆ ಹಣ್ಣು ಕಂಡರೆ ಸಿಪ್ಪೆ ಕಿತ್ತೆಸೆದು ಬೀಜ ತಿನ್ನುತ್ತವೆ. ಊರಿನವರಿಗೆ ಬೇಕಾದದ್ದು ಅದೇ ಸಿಪ್ಪೆ, ಒಣಗಿಸಿ ಮಾರಲು. ಸಿಂಗಳೀಕ ತಿಂದು ಬಿಟ್ಟದ್ದನ್ನು ಆರಿಸಿಕೊಂಡರೆ ಜಗಳವೇ ಇರಲಿಲ್ಲ; ಹಣ್ಣಾಗುವ ಮೊದಲೇ ಕೊಯ್ದರೆ ಅದಕ್ಕೆ ಉಪವಾಸ. 1972ರಲ್ಲಿ ಶುರುವಾದ ಶರಾವತಿ ಕಣಿವೆ ಅಭಯಾರಣ್ಯಕ್ಕೆ 2019ರಲ್ಲಿ ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿದ ಮೇಲೆ ಸಿಂಗಳೀಕದ ಹೆಸರಿನ ಈ ಅಭಯಾರಣ್ಯದ ವಿಸ್ತಾರ ಸುಮಾರು 930 ಚದರ ಕಿಲೋಮೀಟರ್.

ಇದನ್ನು ಮನುಷ್ಯರೇ ಮುಟ್ಟದ ಕಾಡು ಎಂದರೆ ತಪ್ಪಾದೀತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎನ್ನುತ್ತಿದ್ದರು; ಘಟ್ಟದ ಮೆಣಸು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಹಡಗು ಹತ್ತುತ್ತಿತ್ತು. ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂದಿಗೂ ಮರಗಳ ನಡುವೆ ನಿಂತಿದೆ. ಇನ್ನು ಹೊನ್ನಾವರ ತಾಲ್ಲೂಕಿನದೇ ಆದ ಕರಿಕಾನಮ್ಮನ ಗುಡ್ಡದಲ್ಲಿ ದೇವಿಯ ಕಾನು ಎಂಬ ಭಯಭಕ್ತಿಯಿಂದಲೇ ಮುಗಿಲೆತ್ತರದ ಧೂಮದ ಮರಗಳು ಕೊಡಲಿಯಿಂದ ಪಾರಾಗಿವೆ.

ನೋಡಲು ಹೋಗುವುದು ಹೇಗೆ? ದೇವಸ್ಥಾನವಿರುವುದರಿಂದ ಕರಿಕಾನಮ್ಮನ ಗುಡ್ಡಕ್ಕೆ ಯಾರು ಬೇಕಾದರೂ ಹೋಗಬಹುದು. ಅಭಯಾರಣ್ಯದ ಒಳಗೆ ಕಾಲಿಡಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಜಡ್ಡಿಗೆ ಇಳಿಯದಿರುವುದೇ ಮೇಲು. ನಾಲ್ಕು ಜನ ತುಳಿದಾಡಿದರೂ ಎಳೆ ಸಸಿಗಳು ಕೆಸರಲ್ಲಿ ಹೂತುಹೋಗುತ್ತವೆ. ರಸ್ತೆ ಬದಿಯ ಮಂಗಗಳಿಗೆ ಬಿಸ್ಕತ್ತು ಎಸೆಯುವುದಂತೂ ಬೇಡ, ಅವು ವಾಹನದಡಿ ಸಿಕ್ಕಿ ಸಾಯುತ್ತವೆ.

ಮಳೆಗಾಲದಲ್ಲಿ ಉಂಬಳ, ಬೇಸಿಗೆಯಲ್ಲಿ ಉಣ್ಣೆ: ಈ ಕಾಡು ಪ್ರವಾಸಿಗರನ್ನು ಓಲೈಸುವುದಿಲ್ಲ. ಉಂಬಳದ್ದು ಬರೀ ರಕ್ತದ ಲೆಕ್ಕ. ಉಣ್ಣೆಯದು ಹಾಗಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಬೇಸಿಗೆಯಲ್ಲಿ ಈ ಕಡೆ ಸುತ್ತಾಡಿ ಬಂದವರು ಆಮೇಲೆ ಜ್ವರ ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.