ಮಕ್ಕಳಿರುವ ಮನೆಯ ಬೈಕ್: ಯಾವ ಸವಾರಿ ಬೇಕು, ಯಾವುದು ಬೇಡ?

ನಮ್ಮ ಕಡೆ ಬೈಕ್ ಅಥವಾ ಸ್ಕೂಟರ್ ಇಲ್ಲದ ಮನೆ ಈಗ ಅಪರೂಪ. ಮುಂಜಾನೆ ಮೀನಿಗೆಂದು ದಕ್ಕೆಗೆ ಹೋಗುವವರು, ಸೆಂಟ್ರಿಂಗ್ ಕೆಲಸದವರು, ಪೇಟೆಯ ಬಟ್ಟೆ ಅಂಗಡಿಯಲ್ಲಿ ದುಡಿಯುವವರು, ಸುಬಹ್ ಆದ ಕೂಡಲೇ ಮದ್ರಸಕ್ಕೆ ಓಡುವ ನಮ್ಮಂತಹ ಉಸ್ತಾದರು, ಎಲ್ಲರೂ ಅದನ್ನೇ ನಂಬಿದ್ದಾರೆ. ಆದರೂ "ಮಕ್ಕಳಾದ ಮೇಲೂ ಇವರಿಗೆ ಬೈಕ್ ಬೇಕಾ ಉಸ್ತಾದ್?" ಎಂದು ತಾಯಂದಿರು ಕೇಳುವುದುಂಟು.

ಅವರ ಹೆದರಿಕೆಯಲ್ಲಿ ಅರ್ಥವಿದೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ದುಡಿಯುವ ಉಪ್ಪ ಹೋದರೆ ಆ ಮನೆಯ ಮಕ್ಕಳು ಯತೀಮ್ ಆಗುತ್ತಾರೆ. ಜಮಾಅತಿನವರು ನಾಲ್ಕು ತಿಂಗಳು ಕೈ ಹಿಡಿದಾರು, ಆಮೇಲೆ?

"ಬೈಕ್ ಮಾರಿಬಿಡಿ" ಎಂದು ಹೇಳುವುದು ಸುಲಭ. ಆದರೆ ಎಷ್ಟೋ ಒಳರಸ್ತೆಗಳಿಗೆ ಮಗ್ರಿಬ್ ಕಳೆದರೆ ಬಸ್ಸಿಲ್ಲ. ದಿನಾ ರಿಕ್ಷಾದಲ್ಲಿ ಹೋದರೆ ಸಂಬಳದಲ್ಲಿ ಉಳಿಯುವುದೆಷ್ಟು? ಕಾರು ತೆಗೆಯೋಣವೆಂದರೆ ಬ್ಯಾಂಕಿನ ಸಾಲ, ಅದರ ಬಡ್ಡಿ. ಆದ್ದರಿಂದ ಮನೆಗೆ ಬೈಕ್ ಇರಲಿ. ಆದರೆ ಮಕ್ಕಳಿರುವವರು ಕೆಲವು ಸವಾರಿಗಳನ್ನು ಬಿಡಲೇಬೇಕು.

ಮೊದಲು ಬಿಡಬೇಕಾದದ್ದು ಮದುವೆ, ಮದರಂಗಿ ಮುಗಿಸಿ ರಾತ್ರಿ ಮನೆಮಂದಿಯೆಲ್ಲ ಒಂದೇ ಬೈಕಿನಲ್ಲಿ ಬರುವುದು. ಟ್ಯಾಂಕಿನ ಮೇಲೆ ದೊಡ್ಡ ಮಗ, ನಡುವೆ ಮಗಳು, ಹಿಂದೆ ಉಮ್ಮ, ಅವರ ಮಡಿಲಲ್ಲಿ ನಿದ್ದೆ ಹೋದ ಮಗು. ತಲಪಾಡಿ, ಸುರತ್ಕಲ್ ಕಡೆಯ ಹೆದ್ದಾರಿಯಲ್ಲಿ ಟ್ಯಾಂಕರ್ ಲಾರಿಗಳ ಪಕ್ಕದಲ್ಲಿ, ಮಳೆ ಬರುವಾಗ ಹೀಗೆ ಬರುವವರಿದ್ದಾರೆ. ಸವಾರನ ಜೊತೆ ಒಬ್ಬರಿಗೆ ಮಾತ್ರ ಕಾನೂನಿನಲ್ಲಿ ಅವಕಾಶ. ಅಂಥ ದಿನ ರಿಕ್ಷಾ ಮಾಡಿ. ಮದುವೆಗೆ ಹೊಸ ಬಟ್ಟೆ ತೆಗೆಯಲು ಹಣ ಇದ್ದವರಿಗೆ ರಿಕ್ಷಾದ ಬಾಡಿಗೆ ಹೊರೆಯಾಗಲಿಕ್ಕಿಲ್ಲ.

ಇನ್ನು ಹೆಲ್ಮೆಟ್. ಸರಿಯಾದ ಹೆಲ್ಮೆಟ್ ಇದ್ದರೆ ಅಪಘಾತದಲ್ಲಿ ಸಾಯುವ ಅಪಾಯ ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಅಪಾಯ 69 ಶೇಕಡಾ ಕಡಿಮೆ ಎಂದು ಸಂಶೋಧನೆಗಳು ಹೇಳುತ್ತವೆ. ಪೊಲೀಸರಿಗೆ ತೋರಿಸಲು ಇಡುವ ಅರ್ಧ ಟೊಪ್ಪಿಯಿಂದ ಈ ರಕ್ಷಣೆ ಸಿಗುವುದಿಲ್ಲ. ಐಎಸ್‌ಐ ಗುರುತು ನೋಡಿ, ಗಲ್ಲದ ಪಟ್ಟಿ ಬಿಗಿಯಾಗಿ ಹಾಕಿ. 2019ರ ತಿದ್ದುಪಡಿಯಂತೆ 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಸಣ್ಣ ಮಗುವನ್ನು ಕೂರಿಸಿದರೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರಿಂದ ಉಂಟು.

ಸ್ಕೂಟರ್ ಬಿಡುವ, ಹಿಂದೆ ಕೂರುವ ನಮ್ಮ ಹೆಂಗಸರು ಬುರ್ಖಾ, ಶಾಲಿನ ತುದಿ ಚಕ್ರಕ್ಕೆ ಸಿಗದಂತೆ ನೋಡಿಕೊಳ್ಳಬೇಕು. ಹಿಂದಿನ ಚಕ್ರದ ಸಾರಿ ಗಾರ್ಡ್ ಚಂದ ಕಾಣುವುದಿಲ್ಲವೆಂದು ಕಳಚಿದವರು ಮತ್ತೆ ಹಾಕಿಸಿ. ಹೆಲ್ಮೆಟಿನ ಅಡಿಗೆ ಪಿನ್ ಚುಚ್ಚಿದ ದಪ್ಪ ಸ್ಕಾರ್ಫ್ ಬೇಡ, ತೆಳು ಬಟ್ಟೆ ಸಾಕು.

"ಹಣೆಯಲ್ಲಿ ಬರೆದದ್ದು ತಪ್ಪಲಿಕ್ಕುಂಟಾ?" ಎಂದು ವಾದಿಸುವವರಿದ್ದಾರೆ. ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಲೋ, ಬಿಟ್ಟು ಮಾಡಲೋ ಎಂದು ಕೇಳಿದವರಿಗೆ ಪ್ರವಾದಿ (ಸ) ಮೊದಲು ಕಟ್ಟಲು ಹೇಳಿದ್ದನ್ನು ಮದ್ರಸದ ಮಕ್ಕಳೂ ಬಲ್ಲರು.

ಮಕ್ಕಳು ನಮ್ಮನ್ನು ನೋಡಿಯೇ ಕಲಿಯುವುದು. ಉಪ್ಪ ಎದುರು ದಿಕ್ಕಿನಲ್ಲಿ ಬೈಕ್ ನುಗ್ಗಿಸಿದರೆ ಮಗ ನಾಳೆ ಅದನ್ನೇ ಮಾಡುತ್ತಾನೆ. "ಅಂಗಡಿಗೆ ತಾನೆ, ಹೋಗಿ ಬರಲಿ" ಎಂದು ಹದಿನೈದರ ಹುಡುಗನಿಗೆ ಕೀ ಕೊಡುವ ಮನೆಗಳೂ ಇವೆ. ಅವನು ಅಪ್ರಾಪ್ತನಾದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂ. ದಂಡ, 3 ವರ್ಷದ ತನಕ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳಿಗೆ ರದ್ದಾಗುತ್ತದೆ, ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ.

ಹೆಚ್ಚಿನವರು ನೋಡದ ಇನ್ನೊಂದು ವಿಷಯ ವಿಮೆ. ಬೈಕ್ ಮಾಲಕನೇ ಓಡಿಸುವಾಗ ಮರಣ ಹೊಂದಿದರೆ ಮನೆಯವರಿಗೆ 15 ಲಕ್ಷ ರೂ. ಸಿಗುವ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಅವನಿಗೆ ಸರಿಯಾದ ಲೈಸೆನ್ಸ್ ಇರಬೇಕು, ಆರ್‌ಸಿ ಅವನ ಹೆಸರಲ್ಲೇ ಇರಬೇಕು. ನಮ್ಮಲ್ಲಿ ಎಷ್ಟೋ ಬೈಕ್‌ಗಳು ಗಲ್ಫಿನಲ್ಲಿರುವ ಅಣ್ಣನ ಹೆಸರಲ್ಲಿವೆ, ಓಡಿಸುವವನು ಊರಿನಲ್ಲಿರುವ ತಮ್ಮ. ಅಂಥ ತಮ್ಮನ ಹೆಂಡತಿ ಮಕ್ಕಳಿಗೆ ಈ ಹಣ ಸಿಗುವುದಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ, ಬೈಕ್ ತಾನಾಗಿ ಜಾರಿ ಬಿದ್ದಾಗ ಹಿಂದೆ ಕೂತವರಿಗೂ ಅದರಿಂದ ಪರಿಹಾರವಿಲ್ಲ.

ಈ ಜುಮಾದಿಂದ ಬಂದ ಮೇಲೆ ಕಪಾಟಿನಲ್ಲಿರುವ ಪೇಪರ್ ತೆಗೆದು ನೋಡಿ. ಆರ್‌ಸಿ ಯಾರ ಹೆಸರಲ್ಲಿದೆ, ಲೈಸೆನ್ಸಿನ ಅವಧಿ ಎಷ್ಟು, ಪಾಲಿಸಿಯಲ್ಲಿ 15 ಲಕ್ಷದ ವಿಮೆ ಸೇರಿದೆಯಾ? ಇಲ್ಲದಿದ್ದರೆ ಅದನ್ನು ಪ್ರತ್ಯೇಕವಾಗಿಯೂ ಮಾಡಿಸಬಹುದು. ಕಾಗದಗಳು ಎಲ್ಲಿವೆಯೆಂದು ಮನೆಯಾಕೆಗೂ ತಿಳಿಸಿಡಿ.