ಮರಿಗೆ ಮೊದಲು ಮನೆ ಗೊತ್ತುಮಾಡಿ



ಚಿಂಚಿಲ್ಲಾ ಎಂಬುದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಬಾಳುವ ಪುಟ್ಟ ಪ್ರಾಣಿ. ಅದರ ಬೂದು ತುಪ್ಪಳವನ್ನು ಹೋಲುವ ಒಂದು ಮೊಲದ ತಳಿಗೆ 'ಸೋವಿಯತ್ ಚಿಂಚಿಲ್ಲಾ' ಎಂದೇ ಹೆಸರು. ಭಾರತದಲ್ಲಿ ಸಾಕುವ ಮೊಲಗಳಲ್ಲಿ ಇದೂ ಒಂದು. ನೀವು ಶಿಕಾರಿಪುರ, ಸೊರಬದ ಕಡೆಯವರಾಗಿದ್ದು, ಮನೆಯಲ್ಲಿ ಒಂದು ಜೋಡಿ ಮೊಲವಿದ್ದರೆ ಮರಿ ಮಾಡಿಸುವ ಆಸೆ ಸಹಜವೇ. ಆದರೆ ಹುಟ್ಟುವ ಮರಿಗಳನ್ನು ಸಾಕುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಮುಂದುವರಿಯಬೇಕು.

ಮೂರು ತಿಂಗಳು ತುಂಬುವುದರೊಳಗೆ ಗಂಡು, ಹೆಣ್ಣುಗಳನ್ನು ಬೇರೆ ಬೇರೆ ಗೂಡಿನಲ್ಲಿಡಿ. ಹೆಣ್ಣಿಗೆ ಐದಾರು ತಿಂಗಳು ತುಂಬದೆ ಕೂಡಿಸಬಾರದು. ಒಡಹುಟ್ಟಿದವುಗಳನ್ನಂತೂ ಕೂಡಿಸಲೇಬಾರದು. ಕೂಡಿಸುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು. ತನ್ನ ಗೂಡಿಗೆ ಬಂದ ಗಂಡಿನ ಮೇಲೆ ಹೆಣ್ಣು ಎರಗುವುದುಂಟು.

ಗರ್ಭದ ಅವಧಿ ಸುಮಾರು 31 ದಿನ. 27ನೆಯ ದಿನದ ಹೊತ್ತಿಗೆ ಒಣಹುಲ್ಲು ಹಾಸಿದ ಪೆಟ್ಟಿಗೆಯನ್ನು ಗೂಡಿನಲ್ಲಿಡಿ. ತಾಯಿ ತನ್ನ ಮೈಕೂದಲನ್ನೇ ಕಿತ್ತು ಮರಿಗಳಿಗೆ ಮೆತ್ತೆ ಮಾಡುತ್ತದೆ. ಮರಿಗಳು ಹುಟ್ಟುವಾಗ ಕುರುಡು, ಮೈಯಲ್ಲಿ ಕೂದಲಿಲ್ಲ. ಕಣ್ಣು ಬಿಡಲು ಹತ್ತು ಹನ್ನೆರಡು ದಿನ ಬೇಕು. ತಾಯಿ ದಿನಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಹತ್ತಿರ ಕೂರಲಿಲ್ಲವೆಂದು ಅದು ಮರಿಗಳನ್ನು ತೊರೆಯಿತೆಂದು ತಿಳಿಯಬೇಡಿ.

ಬಹಳ ಮಂದಿ ಎಡವುವುದು ಇಲ್ಲಿ: ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ಗಂಡು ಅದೇ ಗೂಡಿನಲ್ಲಿದ್ದರೆ ಒಂದು ತಿಂಗಳಲ್ಲಿ ಎರಡನೆಯ ಸೂಲು ಬರುತ್ತದೆ. ತಾಯಿ ಸೊರಗುತ್ತದೆ, ಮರಿಗಳೂ ಸೊರಗುತ್ತವೆ.

ಸೊರಬದ ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾದರೆ ಪಾದದಲ್ಲಿ ಹುಣ್ಣಾಗುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳ ವಿಷವಾಗಬಲ್ಲದು. ಶಿಕಾರಿಪುರದ ಬೇಸಿಗೆಯಲ್ಲಿ ನೆರಳು, ಗಾಳಿ, ತಣ್ಣೀರು ಇರಲೇಬೇಕು. ಮೊಲವು ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು.

ಹೊಲದಲ್ಲಿ ಕಾಡುಮೊಲದ ಮರಿ ಕಂಡರೆ ಮನೆಗೆ ತರಬೇಡಿ. ಅದು ಕಣ್ಣು ತೆರೆದು, ಕೂದಲು ಹೊತ್ತೇ ಹುಟ್ಟುವ ಬೇರೆ ಜಾತಿ. ತಾಯಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಹಾಗೆಯೇ, ಹೆಚ್ಚಾದ ಸಾಕುಮೊಲವನ್ನು ಕಾಡಿಗೆ ಬಿಡುವುದು ಬಿಡುಗಡೆಯಲ್ಲ. ನಾಯಿ, ಮುಂಗುಸಿಗಳ ಬಾಯಿಗೆ ಕೊಟ್ಟಂತೆ.

ಕೂಡಿಸುವ ಮೊದಲು ಹತ್ತಿರದ ಪಶುವೈದ್ಯರಿಗೆ ಎರಡೂ ಮೊಲಗಳನ್ನು ತೋರಿಸಿ. ಒಂದು ಸೂಲಿಗೆ ಆರೆಂಟು ಮರಿ ಬರಬಹುದು. ಅಷ್ಟು ಮನೆಗಳ ಹೆಸರು ಬರೆದಿಡಲಾಗದಿದ್ದರೆ, ಎರಡು ಗೂಡುಗಳ ಬಾಗಿಲೂ ಮುಚ್ಚಿಯೇ ಇರಲಿ.